ಎಣ್ಣೆ ಏರಿದೆ

ಜನವರಿ ಹದಿನೇಳನೇ ತಾರೀಖು, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಎಲ್ಲರೂ ಮಿಲಿಮೀಟರ್ ಎಂದು ಕರೆಯುವ ಡೀಸೆಲ್ ಅಳತೆಯವನು, ಹೊಳೆ ದಾಟಿಸುವ ಲಾಂಚಿನ ಬಲಗಡೆಯ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದ. ಅಳತೆಯ ಕೋಲನ್ನು ತಳ ಮುಟ್ಟುವವರೆಗೆ ಇಳಿಸಿದ. ಒಂದು ಉಸಿರು ಬಿಡುವಷ್ಟು ಹೊತ್ತು ಕಾದು ಮೇಲೆತ್ತಿದ. ಒದ್ದೆಯಾದ ಗೆರೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದ. ನಲವತ್ತಾರು ಪಾಯಿಂಟ್ ಎಂಟು ಸೆಂಟಿಮೀಟರ್.

ಕೋಲನ್ನು ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ಇಳಿಸಿದ. ಅಷ್ಟೇ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಇಳಿಸಿದ. ಈ ಸಲ ಒಂದು ಕೂದಲೆಳೆಯಷ್ಟು ಜಾಸ್ತಿಯೇ ಇದ್ದಂತೆ ಕಂಡಿತು.

ಹಿಂದಿನ ಸಂಜೆ ಅದೇ ಕೋಲು, ಅದೇ ತೂತು, ಅದೇ ಕೈ ಕಂಡಿದ್ದ ಅಳತೆ ನಲವತ್ತೊಂದು ಪಾಯಿಂಟ್ ಎರಡು. ರಾತ್ರಿಯಿಡೀ ಲಾಂಚು ದಡದಲ್ಲಿ ದೋಣಿ ನಿಲ್ಲುವ ಧಕ್ಕೆಯ ಕಂಬಕ್ಕೆ ಕಟ್ಟಿಕೊಂಡು ಸುಮ್ಮನೆ ನಿಂತಿತ್ತು. ಮುಚ್ಚಳದ ಬೀಗ ಹಾಕಿದಂತೆಯೇ ಇತ್ತು, ಬೀಗದ ಕೈ ಅವನ ಜೇಬಿನಲ್ಲಿತ್ತು. ಟ್ಯಾಂಕಿನಲ್ಲಿ ಡೀಸೆಲ್ ಇಳಿಯುವುದನ್ನು ಮಿಲಿಮೀಟರ್ ಕಂಡಿದ್ದ. ಲೆಕ್ಕ ಮೀರಿ ಇಳಿಯುವುದನ್ನೂ ಕೇಳಿದ್ದ. ತಾನಾಗಿಯೇ ಏರಿದ ಡೀಸೆಲನ್ನು ಮಾತ್ರ ಅವನ ವಂಶದಲ್ಲೇ ಯಾರೂ ಅಳೆದಿರಲಿಲ್ಲ.

ಸುತ್ತಲೂ ಮಂಜು. ಎಂಥ ಮಂಜೆಂದರೆ, ಕೋಲಿನ ಮೇಲ್ತುದಿ ಹಿಡಿದವನಿಗೆ ಕೆಳತುದಿ ಕಾಣದು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಅವನು ಬಗ್ಗಿ ಟ್ಯಾಂಕಿನ ತೂತಿಗೆ ಕಿವಿಯಿಟ್ಟ. ಒಳಗೆಲ್ಲೋ ದೂರದಲ್ಲಿ ಯಾರೋ ಮೆಲ್ಲನೆ ಗುಟುಕರಿಸಿದಂತೆ ಸದ್ದಾಯಿತು. ಗುಳುಕ್. ಆಮೇಲೆ ಮೌನ. ಮತ್ತೆ, ಗುಳುಕ್.

ಮಿಲಿಮೀಟರ್ ಕಿವಿ ಕಿತ್ತುಕೊಂಡು ಎದ್ದು ನಿಂತು, ಮನಸ್ಸಿಗೆ ಬಂದದ್ದನ್ನು ಬಂದ ಹಾಗೆಯೇ ಮಂಜಿನೊಳಗೆ ಕೂಗಿಬಿಟ್ಟ.

"ಎಣ್ಣೆ ಏರಿದೆ! ಯಾರಾದ್ರೂ ಬನ್ರೋ, ಎಣ್ಣೆ ಏರಿದೆ!"

ಅವನ ಅಂದಿನ ಪಾಡಿಗೆಲ್ಲ ಮೂಲ ಈ ಎರಡು ಶಬ್ದ. 'ಡೀಸೆಲ್ ಮಟ್ಟ ಹೆಚ್ಚಾಗಿದೆ' ಎಂದು ಕೂಗಬಹುದಿತ್ತು. ಆದರೆ ಹೆದರಿದ ಮನುಷ್ಯ ಗ್ರಂಥಭಾಷೆಯಲ್ಲಿ ಕೂಗುವುದಿಲ್ಲ. ಲಾಂಚಿನವರು ಡೀಸೆಲ್‌ಗೆ ಎಣ್ಣೆ ಎಂದೇ ಅನ್ನುವುದು. ಮಿಕ್ಕ ಜನ ಯಾವುದಕ್ಕೆ ಎಣ್ಣೆ ಅನ್ನುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಂಜಿನೊಳಗಿಂದ ಮೊದಲು ಒಂದು ಕೆಮ್ಮು, ಆಮೇಲೆ ಟಿಕೆಟ್ ಚೀಲ, ಅದರ ಹಿಂದೆ ಅವನ ಭಾವಮೈದುನ ಹೊರಬಂದ. ಲಾಂಚಿನಲ್ಲಿ ಟಿಕೆಟ್ ಹರಿಯುವ ಈತ ಹೆಂಡತಿಯ ತಮ್ಮ. ಬಾಯಿಗೆ ಬೀಗವಿಲ್ಲ.

"ಗೊತ್ತಾಗ್ತಿದೆ ಭಾವ. ಸ್ವಲ್ಪ ಮೆಲ್ಲಗೆ ಕೂಗಿ. ಏರಿದ್ದು ಊರಿಗೆಲ್ಲ ಕೇಳಿಸ್ಬೇಕಾ?"

"ನಂಗಲ್ಲ ಕಣೋ! ಟ್ಯಾಂಕಿಗೆ!"

"ಅದಕ್ಕೂ ಕುಡಿಸಿದ್ರಾ?"

"ಲೋ, ನಿನ್ನೆ ನಲವತ್ತೊಂದಿತ್ತು, ಇವತ್ತು ನಲವತ್ತಾರಾಗಿದೆ!"

"ಅಷ್ಟೊಂದು ಎಣಿಸ್ಕೊಂಡು ಯಾರು ಕುಡೀತಾರೆ ಭಾವ?" ಎಂದು ಮೈದುನ ಮರುಕದಿಂದ ಅವನ ತೋಳು ಹಿಡಿದುಕೊಂಡ. "ಬನ್ನಿ, ಚಹಾದಂಗಡಿ ಅಕ್ಕನ ಹತ್ರ ಹೋಗೋಣ. ಇವತ್ತೇ ಹೀಗೆ ಮಾಡ್ಕೋಬೇಕಾ ನೀವು? ಇವತ್ತು!"

ಅದು ನಿಜ. ಮಿಲಿಮೀಟರನ ಪರೀಕ್ಷಾ ಅವಧಿ ಮುಗಿಯುವುದು ಅಂದೇ. ಸಂಜೆ ಮ್ಯಾನೇಜರು ಸಹಿ ಹಾಕಿದರೆ ಅವನ ಕೆಲಸ ಕಾಯಂ. ಹಾಕದಿದ್ದರೆ ಕೋಲು ಅಲ್ಲಿಟ್ಟು ಮನೆಗೆ. ಹೆಂಡತಿ ಈ ಸಹಿಯನ್ನು ನಂಬಿಕೊಂಡು ಎರಡು ಕೋಣೆಯ ಬಾಡಿಗೆ ಮನೆಗೆ ಮಾತು ಕೊಟ್ಟುಬಂದಿದ್ದಳು. ಸಾಮಾನು ಕಟ್ಟುವುದಕ್ಕೂ ಶುರು ಮಾಡಿದ್ದಳು. ಹಾಗಾಗಿ ಅಂದು ಬೆಳಗ್ಗೆ ಅವನಿಗೆ ಹಲ್ಲುಜ್ಜುವ ಬ್ರಷ್ ಸಿಕ್ಕಿರಲಿಲ್ಲ.

ಮಿಲಿಮೀಟರ್ ಎಂಬ ಹೆಸರು ಬಂದದ್ದಕ್ಕೂ ಕಾರಣವಿತ್ತು. ಸೊಂಟದ ಅಳತೆ ತೆಗೆಯಲು ಬಂದ ದರ್ಜಿಗೆ "ಊಟಕ್ಕೆ ಮುಂಚಿನದು ಬೇಕಾ, ಆಮೇಲಿನದಾ?" ಎಂದು ಕೇಳಿದ್ದವನು ಅವನು. ತುಟಿಗೆ ತೊಟ್ಟು ಹೆಂಡ ಸೋಕಿಸಿದವನಲ್ಲ. ಆದರೆ ಮಂಜಿನಲ್ಲಿ ಒಂಟಿಯಾಗಿ ನಿಂತು 'ಏರಿದೆ ಏರಿದೆ' ಎಂದು ಕೂಗುವವನಿಗೆ ಪೂರ್ವಚರಿತ್ರೆ ಉಪಯೋಗಕ್ಕೆ ಬರುವುದಿಲ್ಲ.

ಧಕ್ಕೆಯ ಚಹಾದಂಗಡಿಯ ಒಡತಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುವುದು. ಅವಳು ಇವನ ಮುಖವನ್ನು ಒಮ್ಮೆ ನೋಡಿ, ಕೇಳದೆಯೇ ಎರಡು ನಿಂಬೆಹಣ್ಣು ಹಿಂಡಿದಳು.

"ಕುಡಿ. ಇಳಿಯತ್ತೆ."

"ಅಕ್ಕಾ, ನಾನು ಕುಡಿದಿಲ್ಲ."

"ಕುಡಿದೋರ್ಯಾರೂ ಕುಡಿದಿಲ್ಲ. ನನ್ನ ಗಂಡನೂ ಮೂವತ್ತು ವರ್ಷ ಕುಡೀಲಿಲ್ಲ. ಬಾಯ್ತೆಗಿ."

"ಬೇಕಾದ್ರೆ ನೆಟ್ಟಗೆ ನಡೆದು ತೋರಿಸ್ತೀನಿ ಅಕ್ಕಾ! ಈ ಒಂದೇ ಹಲಗೆ ಮೇಲೆ, ಒಂದು ಮಿಲಿಮೀಟರ್ ಆಚೀಚೆ ಆಗದ ಹಾಗೆ!"

ಆ ಹಲಗೆ ಇಬ್ಬನಿಯಲ್ಲಿ ಸೋಪು ಸವರಿದ ಹಾಗಿತ್ತು. ಮಿಲಿಮೀಟರ್ ಮೂರನೆಯ ಹೆಜ್ಜೆಗೆ ಕುಳಿತ. ಕುಳಿತವನು ಹಾಗೆಯೇ ಜಾರುತ್ತ ಹಗ್ಗದ ಸುರುಳಿಯವರೆಗೆ ಹೋಗಿ, ಅದನ್ನು ತಬ್ಬಿಕೊಂಡ. ಮೊದಲ ಟ್ರಿಪ್ಪಿಗೆ ಬಂದು ಕಾಯುತ್ತಿದ್ದ ಪ್ರಯಾಣಿಕರೆಲ್ಲ ಇದನ್ನು ನೋಡಿದರು. ಅಕ್ಕ ಮೂರನೆಯ ನಿಂಬೆಹಣ್ಣು ಹಿಂಡಿದಳು.

ಅಷ್ಟರಲ್ಲಿ ಲಾಂಚಿನ ಕಡೆಯಿಂದ ಒಂದು ದನಿ ಕೇಳಿಸಿತು. ದನಿ ದೊಡ್ಡದಲ್ಲ. ಆದರೆ ಅದನ್ನು ಕೇಳಿ ನಗುತ್ತಿದ್ದವರು ನಗು ನಿಲ್ಲಿಸಿದರು.

"ಬಲಗಡೆ ಯಾರು ಕೂತಿರೋದು?"

ಚುಕ್ಕಾಣಿ ಹಿಡಿಯುವವನು ಬಂದಿದ್ದ. ಧಕ್ಕೆಯಲ್ಲಿ ಎಲ್ಲರಿಗಿಂತ ಹಳಬ, ದಿನಕ್ಕೆ ಹತ್ತು ಮಾತಾಡುವವನಲ್ಲ. ಅವನು ಒಂದು ಕಾಲನ್ನು ಧಕ್ಕೆಯ ಮೇಲೆ, ಇನ್ನೊಂದನ್ನು ಲಾಂಚಿನ ಅಂಚಿನ ಮೇಲೆ ಇಟ್ಟುಕೊಂಡು ನಿಂತಿದ್ದ.

"ಯಾರೂ ಇಲ್ಲ ಅಣ್ಣ," ಎಂದ ಮಿಲಿಮೀಟರ್, ಹಗ್ಗದ ಸುರುಳಿ ಬಿಟ್ಟು ಏಳುತ್ತ.

"ಹಾಗಾದ್ರೆ ಲಾಂಚು ಯಾಕೆ ವಾಲಿದೆ?"

ಎಲ್ಲರೂ ಹತ್ತಿರ ಹೋಗಿ ನೋಡಿದರು. ಹೌದು, ವಾಲಿತ್ತು. ಸಂತೆಯಲ್ಲಿ ಒಂದೇ ಕೈಯಲ್ಲಿ ಚೀಲ ಹೊತ್ತ ಹೆಂಗಸಿನ ಭುಜದ ಹಾಗೆ, ಬಲಕ್ಕೆ, ಸ್ವಲ್ಪವೇ. ಯಾರದೋ ಖಾಲಿ ನೀರಿನ ಬಾಟಲಿಯೊಂದು ಒಳಗೆ ನೆಲದ ಮೇಲೆ ಬಿದ್ದಿತ್ತು. ಚುಕ್ಕಾಣಿಯವನ ಕಾಲು ತಾಗಿ ಅದು ಉರುಳತೊಡಗಿತು. ಅವಸರವಿಲ್ಲದೆ, ಕರೆದವರ ಕಡೆಗೆ ಹೋಗುವಂತೆ ಉರುಳುತ್ತ ಹೋಗಿ, ಬಲಗಡೆಯ ಕೊನೆಯ ಬೆಂಚಿನ ಮೂಲೆಗೆ ತಾಗಿ ನಿಂತಿತು.

ಅದು ಪೀಪಾಯಣ್ಣನ ಮೂಲೆ.

ಪೀಪಾಯಣ್ಣ ಲಾಂಚಿನ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಎರಡು ತಿಂಗಳ ಹಿಂದೆ ತನ್ನ ಮನೆಯಲ್ಲಿ, ನಿದ್ದೆಯಲ್ಲೇ ಹೋಗಿಬಿಟ್ಟ. ಹೆಸರಿಗೆ ತಕ್ಕ ಗಾತ್ರ. ಅವನು ಹತ್ತಿ ಆ ಮೂಲೆಯಲ್ಲಿ ಕೂತರೆ ಲಾಂಚು ಬಲಕ್ಕೆ ಒಮ್ಮೆ ವಾಲಿ ನಮಸ್ಕಾರ ಮಾಡುತ್ತಿತ್ತು. ದಂಡೆಯಲ್ಲಿ ನಿಂತವರು ಅದನ್ನು ನೋಡಿಯೇ 'ಪೀಪಾಯಣ್ಣ ಬಂದ, ಇನ್ನು ಹೊರಡತ್ತೆ' ಎನ್ನುತ್ತಿದ್ದರು. ಆ ಮೂಲೆಯ ಹಲಗೆ ಇಂದಿಗೂ ನಡುವೆ ತಗ್ಗಾಗಿ, ಹೊಳೆಯುತ್ತದೆ. ಅದರ ನೇರ ಕೆಳಗೇ ಡೀಸೆಲ್ ಟ್ಯಾಂಕು.

ಭಾವಮೈದುನ ಟಿಕೆಟ್ ಚೀಲವನ್ನು ಎದೆಗವಚಿಕೊಂಡ. "ಭಾವ... ನೀವು ಬೆಳಗ್ಗೆ ಏನು ಏರಿದೆ ಅಂದ್ರಿ?"

"ಅದನ್ನೇ ಅಲ್ವೇನೋ ಆಗಿನಿಂದ ಬಡ್ಕೋತಿರೋದು!"

ಮಿಲಿಮೀಟರ್ ಅಳತೆಯ ಮನುಷ್ಯ. ಹೆದರಿಕೆಯಾದಾಗ ಅವನಿಗೆ ಇದ್ದದ್ದು ಒಂದೇ ಉಪಾಯ, ಇನ್ನೊಂದು ಸಲ ಅಳೆಯುವುದು. ಎಲ್ಲರೆದುರು ಕೋಲು ಇಳಿಸಿದ. ನಲವತ್ತೇಳು ಪಾಯಿಂಟ್ ಐದು. ನೀರು ಸೇರಿರಬಹುದೇ ಎಂದು, ನೀರು ತಾಗಿದರೆ ಕೆಂಪಾಗುವ ಪೇಸ್ಟನ್ನು ಕೋಲಿನ ತುದಿಗೆ ಬಳಿದು ಇಳಿಸಿದ. ತಳದಲ್ಲಿ ಒಂದು ಹನಿ ನೀರಿಲ್ಲ. ಶುದ್ಧ ಡೀಸೆಲ್. ಬಿಸಿಗೆ ಹಿಗ್ಗಿತೆನ್ನೋಣವೆಂದರೆ ಬೆರಳು ಸೆಟೆಯುವ ಚಳಿ. ಲಾಂಚಿಗೆ ಎರಡು ಟ್ಯಾಂಕು, ಬಲಗಡೆಯದು ನಿತ್ಯದ್ದು, ಎಡಗಡೆಯದು ಆಪತ್ತಿಗೆಂದು ತುಂಬಿಸಿ ಕಚೇರಿಯವರೇ ಮೊಹರು ಹಾಕಿಟ್ಟದ್ದು. ಅದರ ಭಾರಕ್ಕೆ ಸರಿದೂಗಲೆಂದು ಬಲಗಡೆ ಬೆಂಚುಗಳ ಕೆಳಗೆ ಮರಳಿನ ಚೀಲ ಇಟ್ಟಿದ್ದರು. ಅಲ್ಲಿಂದ ಇಲ್ಲಿಗೆ ಬಂತೋ ಎಂದರೆ, ಎರಡರ ನಡುವಿನ ಕೊಳವೆಯ ವಾಲ್ವು ಮುಚ್ಚಿದೆ. ಅದನ್ನು ನಿನ್ನೆ ಸಂಜೆ ಮಿಲಿಮೀಟರ್ ಸ್ವತಃ, ಕೈಯಾರೆ, ಖಚಿತ ಮಾಡಿಕೊಂಡಿದ್ದ.

"ಅಣ್ಣ, ಎಂಜಿನ್ ಶುರು ಮಾಡಿ," ಎಂದ. "ಕುಡಿಯಲಿ. ಆಗ ಇಳೀಲೇಬೇಕು."

ಚುಕ್ಕಾಣಿಯವನು ಎಂಜಿನ್ ಶುರು ಮಾಡಿದ. ಅದು ಕಟ್ಟಿದಲ್ಲೇ ನಿಂತು ಮೊಳೆ ಅಲುಗುವ ಹಾಗೆ ಕೂಗುತ್ತ, ಹೊಗೆಯುಗುಳುತ್ತ ಮುಕ್ಕಾಲು ಗಂಟೆ ಕುಡಿಯಿತು. ನಿಲ್ಲಿಸಿ ಕೋಲು ಇಳಿಸಿದರು. ನಲವತ್ತೇಳು ಪಾಯಿಂಟ್ ಆರು.

ಕುಡಿದಷ್ಟೂ ಏರುವ ಎಣ್ಣೆ! ಎಂಜಿನ್ ಸದ್ದು ಅಡಗಿದ ಮೇಲೆ ಕೆಳಗಿನಿಂದ ಆ ಇನ್ನೊಂದು ಸದ್ದು ಎಲ್ಲರಿಗೂ ಕೇಳಿಸಿತು. ಗುಳುಕ್.

"ಅವನೇ," ಎಂದಳು ಅಕ್ಕ ಪಿಸುದನಿಯಲ್ಲಿ. "ಚಹಾ ಕುಡಿಯುವಾಗ ಹಿಂಗೇ ಸದ್ದು ಮಾಡ್ತಿದ್ದ."

ಎಂಜಿನ್ ಸದ್ದು ಕೇಳಿ ಆಗಲೇ ಹತ್ತಿ ಒಳಗೆ ಕೂತಿದ್ದ ಪ್ರಯಾಣಿಕರಲ್ಲಿ ಒಬ್ಬಳು ಎದ್ದು, ತನಗೆ ಹೊಳೆಯಾಚೆ ಅಂಥ ತುರ್ತಿನ ಕೆಲಸವೇನೂ ಇಲ್ಲವೆಂದು ಯಾರೂ ಕೇಳದಿದ್ದರೂ ಹೇಳಿ ಇಳಿದಳು. ಅವಳ ಹಿಂದೆ ಇನ್ನೊಬ್ಬ. ಅವನ ಹಿಂದೆ ಉಳಿದವರೆಲ್ಲ. ಇಷ್ಟು ಜನ ಇಳಿದರೂ ಲಾಂಚು ವಾಲಿದ್ದು ವಾಲಿದಂತೆಯೇ ಇತ್ತು, ಒಬ್ಬನು ಮಾತ್ರ ಇಳಿಯಲೊಪ್ಪದ ಹಾಗೆ.

ಮಿಲಿಮೀಟರನ ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ.

"ರೀ, ಕುಡಿದು ಧಕ್ಕೆ ಮೇಲೆ ಬಿದ್ದು ಹಗ್ಗ ತಬ್ಬಿಕೊಂಡಿದ್ರಂತೆ?"

"ಯಾರು ಹೇಳಿದ್ದು?" ಎಂದು ಕೇಳುತ್ತಲೇ ಅವನು ಭಾವಮೈದುನನ ಕಡೆ ನೋಡಿದ. ಮೈದುನ ಮಂಜನ್ನು ನೋಡತೊಡಗಿದ.

"ಯಾರಾದ್ರೂ ಹೇಳ್ಲಿ. ಹೌದೋ ಅಲ್ವೋ?"

"ಕುಡಿದಿಲ್ಲ ಕಣೇ. ಬಿದ್ದದ್ದು ನಿಜ. ಹಗ್ಗವೂ ನಿಜ. ಇಲ್ಲಿ ಲಾಂಚಲ್ಲಿ ಏನೋ ಇದೆ. ಎಣ್ಣೆ ತಾನಾಗೇ ಏರ್ತಿದೆ, ಪೀಪಾಯಣ್ಣ ಬಂದು ಕೂತಿದ್ದಾನೆ ಅಂತ ಎಲ್ಲ..."

ಆ ಕಡೆ ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು.

"ಸತ್ತವರ ಜೊತೆ ಕೂತ್ಕೊಂಡು ಕುಡಿಯೋವಷ್ಟು ಆಯ್ತಾ?" ಎಂದು ಅವಳು ಅಳತೊಡಗಿದಳು. "ಪಾತ್ರೆ ಪಗಡೆಯೆಲ್ಲ ಕಟ್ಟಿಬಿಟ್ಟಿದೀನಲ್ರೀ ನಾನು!"

ಹನ್ನೆರಡು ಹೊಡೆಯುವ ಮೊದಲೇ ಮ್ಯಾನೇಜರಿಂದ ಕರೆ ಬಂತು. ಧಕ್ಕೆಯ ಮೇಲಿನ ಅವರ ಕೋಣೆಯಲ್ಲಿ ಒಂದು ಮೇಜು, ಒಂದು ಕಿಟಕಿ. ಕಿಟಕಿಯಲ್ಲಿ ಕಾಣುವುದು ಮಂಜು ಮಾತ್ರ, ಅದರಲ್ಲಿ ಮಸುಕಾಗಿ ವಾಲಿಕೊಂಡಿರುವ ಲಾಂಚು. ಮೇಜಿನ ಮೇಲೆ ಮಿಲಿಮೀಟರನ ಕಾಯಂ ಆದೇಶ, ಸಹಿಯ ಜಾಗ ಖಾಲಿ.

"ಎಣ್ಣೆ ಏರಿದೆಯಂತೆ?"

"ಹೌದು ಸಾರ್."

"ಎಷ್ಟು?"

"ಆರು ಪಾಯಿಂಟ್ ನಾಲ್ಕು ಸೆಂಟಿಮೀಟರ್ ಸಾರ್."

ಮ್ಯಾನೇಜರು ಕನ್ನಡಕ ತೆಗೆದಿಟ್ಟರು. "ನೋಡಪ್ಪ, ನನ್ನ ಸರ್ವೀಸಲ್ಲಿ ಇದನ್ನ ಗ್ಲಾಸಲ್ಲಿ ಅಳೆದೋರ್ನ ನೋಡಿದ್ದೆ, ಬಾಟ್ಲಲ್ಲಿ ಅಳೆದೋರ್ನೂ ನೋಡಿದ್ದೆ. ಸೆಂಟಿಮೀಟರಲ್ಲಿ ಅಳೆದೋನು ನೀನೇ ಮೊದಲು."

"ಡೀಸೆಲ್ ಸಾರ್! ಡೀಸೆಲ್! ನಾನು ಕುಡಿದೇ ಇಲ್ಲ!"

"ಕುಡಿದಿದ್ರೆ ಚೆನ್ನಾಗಿತ್ತು," ಎಂದರು ಮ್ಯಾನೇಜರು ನಿಟ್ಟುಸಿರು ಬಿಟ್ಟು. "ನೀನು ಕುಡಿದಿಲ್ಲ ಅಂದ್ರೆ ಲಾಂಚಲ್ಲಿ ದೆವ್ವ ಇದೆ ಅಂತಾಯ್ತು. ಒಬ್ರೂ ಹತ್ತುತಿಲ್ಲ. ಮೇಲಿನ ಕಚೇರಿಗೆ ನಾನು ಏನಂತ ಹೇಳ್ಲಿ? ಎಂಜಿನಿಯರನ್ನ ಕಳಿಸ್ತಾರೆ, ಲಾಂಚು ಬಿಚ್ಚಿ ಹಾಕ್ತಾರೆ, ಮೀಸಲು ಟ್ಯಾಂಕಿನ ಕೊಳವೆಯಿಂದ ಹಿಡಿದು ನನ್ನ ಕುರ್ಚಿವರೆಗೆ ಎಲ್ಲ ಅಲುಗಾಡಿಸ್ತಾರೆ."

"ಏನಾದ್ರೂ ಆಗ್ಲಿ ಸಾರ್. ಕುಡುಕ ಅನ್ನಿಸ್ಕೊಂಡು ಬದುಕೋಕೆ ನನ್ನಿಂದ ಆಗಲ್ಲ. ಉಸಿರು ಊದಿಸಿ ನೋಡೋ ಯಂತ್ರ ಇದೆಯಲ್ಲ, ಮೇಲಿನ ಕಚೇರಿಯಲ್ಲಿ, ತರಿಸಿ! ಎಲ್ಲರ ಮುಂದೆ ಊದ್ತೀನಿ!"

"ಬೇಡ ಬಿಡಪ್ಪ."

"ಇಲ್ಲ ಸಾರ್. ತರಿಸಲೇಬೇಕು!" ಎಂದು ಮಿಲಿಮೀಟರ್ ಮೇಜು ಗುದ್ದಿದ. ಜೀವಮಾನದಲ್ಲಿ ಅವನು ಗುದ್ದಿದ ಮೊದಲ ಮೇಜು ಅದು. ಬೆರಳ ಗಂಟು ನೋವಾಯಿತು, ಆದರೂ ತೃಪ್ತಿಯೆನಿಸಿತು. ಮ್ಯಾನೇಜರು ಬೇಸರದಿಂದ ಫೋನು ಎತ್ತಿದರು.

ಯಂತ್ರ ಬರಲು ಹೊತ್ತು ಹಿಡಿಯುವುದಿತ್ತು. ಅಷ್ಟರೊಳಗೆ ಕಾರಣವನ್ನೂ ಹುಡುಕಿಬಿಟ್ಟರೆ ಉಸಿರೂ ಶುದ್ಧ, ಲೆಕ್ಕವೂ ಶುದ್ಧ ಎಂದುಕೊಂಡು ಮಿಲಿಮೀಟರ್ ಟಾರ್ಚು ಹಿಡಿದು ಎಂಜಿನ್ ಗೂಡಿಗೆ ಇಳಿದ. ಜೊತೆಗೆ ಬಾ ಎಂದರೆ ಭಾವಮೈದುನ, "ನಮ್ಮಕ್ಕನಿಗೆ ಅಂತ ನಮ್ಮಿಬ್ಬರಲ್ಲಿ ಒಬ್ರಾದ್ರೂ ಉಳೀಬೇಕಲ್ಲ ಭಾವ" ಎಂದು ದಂಡೆಯಲ್ಲೇ ನಿಂತ.

ಕೆಳಗೆ ನಟ್ಟ ನಡು ಹಗಲಲ್ಲೂ ಕತ್ತಲೆ. ಆರಿದ ಎಂಜಿನ್ ಮುದುಕನ ಕೀಲಿನಂತೆ ಆಗೀಗ ಕಟಕ್ಕೆನ್ನುತ್ತಿತ್ತು. ನೆಲ ಬಲಕ್ಕೆ ಎಳೆಯುತ್ತಿತ್ತು. ಎಡಕ್ಕೆ ತೆವಳಬೇಕೆಂದುಕೊಂಡರೂ ಮೊಣಕಾಲು ತಾವಾಗಿಯೇ ಆ ಮೂಲೆಯ ಕಡೆಗೇ ಸಾಗುತ್ತಿದ್ದವು. ತಲೆಯ ಮೇಲೆ, ಪೀಪಾಯಣ್ಣನ ಬೆಂಚಿನ ಹಲಗೆ ಒಮ್ಮೆ ನರಳಿತು. ಭಾರದವರು ಮೈ ಹೊರಳಿಸಿ ಸರಿಯಾಗಿ ಕೂತಾಗ ಬರುವ ಸದ್ದು.

"ಪೀಪಾಯಣ್ಣಾ," ಎಂದ ಮಿಲಿಮೀಟರ್. "ಒಳ್ಳೇದಕ್ಕೆ ಮಾಡ್ತಿದ್ದೀರಿ ಅಂತ ಗೊತ್ತು. ಪುಕ್ಕಟೆ ಎಣ್ಣೆ ತುಂಬಿಸ್ತಿದ್ದೀರಿ. ಆದ್ರೆ ಇವತ್ತು ಬೇಡ ಅಣ್ಣ. ಇವತ್ತೊಂದು ದಿನ ಬಿಟ್ಟುಬಿಡಿ."

ಉತ್ತರವಾಗಿ ಬಂತು: ಗುಳುಕ್. ತೀರಾ ಹತ್ತಿರದಿಂದ, ಅವನ ಮೊಣಕೈಯ ಬದಿಯಿಂದಲೇ. ಹೆದರಿ ಕೈ ಚಾಚಿದವನಿಗೆ ತಣ್ಣಗಿನ ಕೊಳವೆಯೊಂದು ಸಿಕ್ಕಿತು. ಬೆರಳಿನಡಿಯಲ್ಲಿ ಅದು ಸಣ್ಣಗೆ ನಡುಗುತ್ತಿತ್ತು. ಒಳಗೆ ಏನೋ ಹರಿಯುತ್ತಿತ್ತು, ಎಡದಿಂದ ಬಲಕ್ಕೆ. ಅವನು ಟಾರ್ಚು ತಿರುಗಿಸಿದ. ಎರಡು ಟ್ಯಾಂಕುಗಳನ್ನು ಕೂಡಿಸುವ ಕೊಳವೆ. ಅದರ ನಡುವೆ ವಾಲ್ವು. ವಾಲ್ವಿನ ಹಿಡಿ ಅಡ್ಡ ಇತ್ತು.

ಅಡ್ಡ ಇರಲೇಬೇಕು. ನಿನ್ನೆ ಸಂಜೆ ಮ್ಯಾನೇಜರು ಫೋನಿನಲ್ಲಿ ಹೇಳಿದ್ದು ಅದನ್ನೇ: "ನಡುವಿನ ವಾಲ್ವಿನ ಹಿಡಿ ಅಡ್ಡ ಇದೆಯಾ ನೋಡ್ಬಿಡು. ಅಡ್ಡ ಇದ್ರೆ ಮುಚ್ಚಿದೆ ಅಂತ. ಅದನ್ನ ಬೇರೆ ಮುಟ್ಟೋಕೆ ಹೋಗ್ಬೇಡ." ಮಿಲಿಮೀಟರ್ ಇಳಿದು ನೋಡಿದಾಗ ಹಿಡಿ ಉದ್ದಕ್ಕಿತ್ತು. ಸದ್ಯ, ನೋಡಿದ್ದು ಒಳ್ಳೆಯದಾಯಿತು ಎಂದುಕೊಂಡು ಅವನೇ ಅಡ್ಡ ಮಾಡಿದ್ದ.

ಟಾರ್ಚಿನ ಬೆಳಕು ಹಿಡಿಯ ಮೇಲಿಂದ ಕೊಳವೆಗೆ, ಕೊಳವೆಯಿಂದ ಹಿಡಿಗೆ ಓಡಾಡಿತು. ಕೊಳವೆ ಹಾಯುವುದು ಎಡದ ಟ್ಯಾಂಕಿನಿಂದ ಬಲದ ಟ್ಯಾಂಕಿಗೆ. ಎಂದರೆ ಕೊಳವೆಯೇ ಲಾಂಚಿಗೆ ಅಡ್ಡ. ಲಾಂಚಿಗೆ ಅಡ್ಡವಾದ ಹಿಡಿ ಕೊಳವೆಗೆ ಉದ್ದ. ಹಿಡಿ ಕೊಳವೆಯ ಉದ್ದಕ್ಕಿದ್ದರೆ ದಾರಿ ತೆರೆದಿದೆ. ಮ್ಯಾನೇಜರು ಅಡ್ಡ ಎಂದದ್ದು ಕೊಳವೆಗೆ. ಮಿಲಿಮೀಟರ್ ಅಡ್ಡ ಮಾಡಿದ್ದು ಲಾಂಚಿಗೆ.

ಮುಚ್ಚಿದ್ದ ವಾಲ್ವನ್ನು ಖಚಿತವಾಗಿ ಮುಚ್ಚಲು ಹೋಗಿ ಅವನು ತೆರೆದುಬಂದಿದ್ದ. ರಾತ್ರಿಯಿಡೀ, ಬೆಳಗ್ಗೆಯಿಡೀ, ತುಂಬಿದ ಮೀಸಲು ಟ್ಯಾಂಕು ಈ ಸಣ್ಣ ಕೊಳವೆಯಲ್ಲಿ ಗುಟುಕು ಗುಟುಕಾಗಿ ಬಲಕ್ಕೆ ಇಳಿಯುತ್ತಿತ್ತು. ಆ ಭಾರದ ಜೊತೆ ಮರಳಿನ ಚೀಲದ ಭಾರವೂ ಸೇರಿ ಲಾಂಚು ವಾಲುತ್ತಿತ್ತು. ದೆವ್ವ ಸಿಕ್ಕಿತು. ಅದರ ಕೈಯಲ್ಲಿ ಟಾರ್ಚಿತ್ತು.

ಹಿಡಿಯನ್ನು ತಿರುಗಿಸಿದ. ಗುಳುಕ್ ನಿಂತಿತು. ಆ ಮೌನದಲ್ಲಿ ಅವನಿಗೆ ಈವರೆಗಿಲ್ಲದ ಚಳಿ ಹುಟ್ಟಿತು. ಪರೀಕ್ಷಾ ಅವಧಿಯವರು ಅಪ್ಪಣೆಯಿಲ್ಲದೆ ಮೀಸಲು ಟ್ಯಾಂಕಿನ ಯಾವ ಭಾಗ ಮುಟ್ಟಿದರೂ ಅಂದೇ ಮನೆಗೆ, ಇದು ಇಲ್ಲಿಯ ಕಟ್ಟಳೆ. ದೆವ್ವವಾದರೂ ಇದ್ದಿದ್ದರೆ ಅವನ ಕೆಲಸ ಉಳಿಯುತ್ತಿತ್ತು.

ಮ್ಯಾನೇಜರ ಕೋಣೆಗೆ ಅವನು ಓಡಿದ. ಓಡುವಾಗ ಒಂದು ವಿಷಯ ಹೊಳೆಯಿತು: ಇಡೀ ಧಕ್ಕೆ ಬೆಳಗ್ಗಿನಿಂದ ಅವನಿಗೆ ಒಂದು ದಾರಿ ತೆರೆದು ಹಿಡಿದಿತ್ತು. ತಾನೇ ಮೂರ್ಖನಂತೆ ಬಾಗಿಲು ತಳ್ಳಿ ಮುಚ್ಚುತ್ತಿದ್ದ.

"ಸಾರ್, ಕುಡಿದಿದ್ದೆ."

ಮ್ಯಾನೇಜರು ತಲೆಯೆತ್ತಿದರು.

"ಕಂಠಪೂರ್ತಿ ಸಾರ್. ಕೋಲಿನ ಗೆರೆ ಎರಡೆರಡಾಗಿ ಕಾಣ್ತಿತ್ತು. ನಿನ್ನೆಯ ಅಳತೆಯೂ ತಪ್ಪು, ಇವತ್ತಿನದೂ ತಪ್ಪು. ಎಣ್ಣೆ ಏರಿದ್ದು ನನಗೇ."

ಮ್ಯಾನೇಜರ ಮುಖ ಮಂಜು ಸರಿದಂತೆ ಬೆಳಗಿತು. ಎದ್ದು ಬಂದು ಅವನ ಭುಜ ತಟ್ಟಿದರು. "ಬೆಳಗ್ಗೆನೇ ಹೇಳಬಾರ್ದಿತ್ತಾ ಮಾರಾಯ! ನೋಡು, ನೀನು ಕೂಗಿದ್ದು ಆರು ಹತ್ತಕ್ಕೆ. ಡ್ಯೂಟಿ ಶುರುವಾಗೋದು ಆರೂವರೆಗೆ. ಡ್ಯೂಟಿ ಮೇಲೆ ಕುಡಿದ ಹಾಗಾಗ್ಲಿಲ್ಲ. ಬಾಯಲ್ಲಿ ಒಂದು ಎಚ್ಚರಿಕೆ ಕೊಡ್ತೀನಿ, ಸಹಿನೂ ಹಾಕ್ತೀನಿ. ಆದ್ರೆ ಈ ಮಾತನ್ನ ಹೊರಗೆ ಬಂದು ಜನರ ಮುಂದೆ ಹೇಳ್ಬೇಕು. ಜೋರಾಗಿ."

ಮಿಲಿಮೀಟರ್ ಧಕ್ಕೆಯ ಮೆಟ್ಟಿಲ ಮೇಲೆ ನಿಂತು ಹೇಳಿದ. ಜೋರಾಗಿ. ಧಕ್ಕೆಯಲ್ಲಿ ಸೇರಿದವರೆಲ್ಲ ಒಟ್ಟಿಗೇ ಉಸಿರು ಬಿಟ್ಟರು.

"ಮೊದಲ ಲೋಟಕ್ಕೇ ಹೇಳಿದ್ನಲ್ಲ ನಾನು," ಎಂದಳು ಅಕ್ಕ ಹೆಮ್ಮೆಯಿಂದ.

"ಎಂಜಿನ್ ಕುಡಿದ ಮೇಲೂ ಏರಿದ್ದು ನಾನೇ ಕಂಡೆ," ಎಂದ ಚುಕ್ಕಾಣಿಯವನು.

"ಕೋಲು ಹಿಡಿದಿದ್ದು ಯಾರು?" ಎಂದು ಮ್ಯಾನೇಜರು ಕೇಳಿದರು.

"ಅವನೇ."

"ಮತ್ತೆ!"

"ಲಾಂಚು ವಾಲಿದೆಯಲ್ಲ?"

"ಸಾರ್, ಮರಳಿನ ಚೀಲ ಜಾಸ್ತಿಯಾಗಿರ್ಬೇಕು," ಎಂದು ಮಿಲಿಮೀಟರ್ ನಡುವೆ ಬಾಯಿ ಹಾಕಿದ. ಕುಡಿದವನಾದರೂ ಇದನ್ನು ಬಹಳ ಖಚಿತವಾಗಿ ಹೇಳಿದ. ನಾಲ್ಕು ಜನ ಸೇರಿ ಚೀಲಗಳನ್ನು ದಂಡೆಗೆ ಎಳೆದುಹಾಕಿದರು. ಒಂದೊಂದು ಚೀಲ ಇಳಿದಂತೆಯೂ ಲಾಂಚು ಮೆಲ್ಲಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡಿತು. ಜನ ನಕ್ಕರು. ತಮ್ಮ ಹೆದರಿಕೆಗೆ ತಾವೇ ನಾಚಿ ಒಬ್ಬರನ್ನೊಬ್ಬರು ತಿವಿದುಕೊಂಡು ಹತ್ತತೊಡಗಿದರು. ಒಬ್ಬ ಅಜ್ಜಿಯಂತೂ ಪೀಪಾಯಣ್ಣನ ಮೂಲೆಯಲ್ಲೇ ಹೋಗಿ ಕೂತು ವೀಳ್ಯದ ಚೀಲ ಬಿಚ್ಚಿದಳು. ಮ್ಯಾನೇಜರು ಆದೇಶವನ್ನು ಅಂಗೈ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಉಸಿರು ಊದೋರು ಯಾರು ಇಲ್ಲಿ?"

ಮಂಜಿನೊಳಗಿಂದ ಬಿಳಿ ಉಡುಪಿನ ನರ್ಸಮ್ಮ ಒಬ್ಬಳು, ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು ಬಂದಳು. ಮಿಲಿಮೀಟರ್ ಆಕೆಯನ್ನು ಪೂರಾ ಮರೆತಿದ್ದ.

"ಬೇಡಮ್ಮ, ಒಪ್ಕೊಂಡಿದ್ದಾನೆ," ಎಂದರು ಮ್ಯಾ‌ನೇಜರು.

"ಅವರೇ ಹಟ ಹಿಡಿದು ಕರೆಸಿದ್ರಂತಲ್ಲ? ಕರೆಸಿದ ಮೇಲೆ ಊದಲೇಬೇಕು ಸಾರ್. ಊದಲ್ಲ ಅಂದ್ರೆ ನಿರಾಕರಿಸಿದ್ರು ಅಂತ ವರದಿ ಕೊಡ್ತೀನಿ. ಅದಕ್ಕೆ ನೇರ ಮನೆ."

ಮಿಲಿಮೀಟರ್ ಅಂಗಡಿಯ ಕಡೆಗೆ ಜಾರಿ ಅಕ್ಕನ ಕಿವಿಯಲ್ಲಿ ಬೇಡಿಕೊಂಡ. "ಅಕ್ಕಾ, ನಿನ್ನ ಗಂಡ ಉಳಿಸಿಹೋದದ್ದು ಏನಾದ್ರೂ ಇದೆಯಾ? ಒಂದೇ ಗುಟುಕು. ಕಾಲಿಗೆ ಬೀಳ್ತೀನಿ."

"ಇನ್ನೂ ಸಾಲ್ದಾ ನಿಂಗೆ? ಪಾಪ, ಊದೋ ಹೊತ್ತು ಬಂತು ಅಂತ ಹೆದರಿಕೆ," ಎಂದು ಅಕ್ಕ ನಾಲ್ಕನೆಯ ನಿಂಬೆಹಣ್ಣನ್ನು ಅವನ ಬಾಯಿಗೇ ಹಿಂಡಿದಳು.

ಭಾವಮೈದುನ ಫೋನಿನಲ್ಲಿ ತನ್ನ ಅಕ್ಕನಿಗೆ, ಮಿಲಿಮೀಟರನ ಹೆಂಡತಿಗೆ, ವಿಡಿಯೋ ಹಚ್ಚಿ, ಎಲ್ಲ ಸರಿಯಾಗಿ ಕಾಣಲೆಂದು ತೀರಾ ಮುಂದೆ ಬಂದು ನಿಂತ. ನರ್ಸಮ್ಮ ನಳಿಕೆ ಚಾಚಿದಳು. ಮಿಲಿಮೀಟರ್ ಕೆನ್ನೆ ಉಬ್ಬಿಸಿ ಮೂಗಿನಿಂದ ಉಸಿರು ಬಿಟ್ಟ.

"ಊದಿ ಅಂದ್ರೆ ಊದಿ. ನಾಟಕ ಬೇಡ."

ಊದಿದ. ಪೆಟ್ಟಿಗೆ ಕೀರಲು ದನಿಯಲ್ಲಿ ಒಮ್ಮೆ ಕೂಗಿತು. ನರ್ಸಮ್ಮ ಗಾಜಿನ ಕಿಂಡಿ ನೋಡಿದಳು. ಪೆಟ್ಟಿಗೆಯನ್ನು ಕುಲುಕಿ ಇನ್ನೊಮ್ಮೆ ನೋಡಿದಳು.

"ಯಾರು ಹೇಳಿದ್ದು ಇವರು ಕುಡಿದಿದ್ದಾರೆ ಅಂತ? ಒಂದು ತೊಟ್ಟೂ ಹೋಗಿಲ್ಲ ಒಳಗೆ."

"ನಂಗೊತ್ತಿತ್ತು!" ಎಂದು ಫೋನಿನಲ್ಲಿ ಹೆಂಡತಿ ಸಂತೋಷದಿಂದ ಚೀರಿದಳು. ಆ ಚೀರು ಮಂಜಿನಲ್ಲಿ ಲಾಂಚಿನವರೆಗೂ ಹೋಗಿ ಬೇರೆಯೇ ಥರ ಕೇಳಿಸಿತು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಎದ್ದು ನಿಂತಳು. ತಾನು ಕೂತಿದ್ದ ಹಲಗೆಯನ್ನು ನಿಧಾನವಾಗಿ ಹಿಂತಿರುಗಿ ನೋಡಿದಳು. ಆಮೇಲೆ ಅವಳ ವಯಸ್ಸಿಗೆ ಒಪ್ಪದ ವೇಗದಲ್ಲಿ ದಂಡೆಗೆ ಹಾರಿದಳು. ಅವಳ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದು ಎಲ್ಲರೂ ಇಳಿದರು. ಚುಕ್ಕಾಣಿಯವನು ಎಲ್ಲರಿಗಿಂತ ಕೊನೆಗೆ, ಹಿಮ್ಮುಖವಾಗಿ ಇಳಿದ. ಖಾಲಿ ಲಾಂಚು ಅತ್ತಿಂದಿತ್ತ ಓಲಾಡುತ್ತ ಉಳಿಯಿತು.

ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿದರು.

"ಅಂದ್ರೆ, ಎಣ್ಣೆ ಏರಿದ್ದು ನಿಜ. ಹೇಗೆ ಏರ್ತು ಅಂತ ಹೇಳು."

ಎಲ್ಲರ ಕಣ್ಣೂ ಅವನ ಮೇಲಿತ್ತು. ಮಿಲಿಮೀಟರನ ಕಣ್ಣು ನರ್ಸಮ್ಮನ ಕೈಯಲ್ಲಿದ್ದ ಗಾಜಿನ ಕಿಂಡಿಯ ಮೇಲಿತ್ತು. ತನಗೆ ತಿಳಿದಿದ್ದ ಒಂದೇ ಕೆಲಸ ಮಾಡಿದ. ಅಳತೆ ಓದಿದ.

"ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ, ಸಾರ್."